ಪ್ರಶ್ನೋತ್ತರ: ಗಾಳಿ ಒತ್ತುತ್ತೆ, ಸ್ಪ್ರಿಂಗ್ ತಳ್ಳುತ್ತೆ

ಹಿಂದಿನ ಸಂಚಿಕೆಯಲ್ಲಿ, ಪೈಪಿನ ಹರಿವನ್ನು ಹೆಚ್ಚುಕಡಿಮೆ ಮಾಡುವ, ಗಾಳಿಯಿಂದ ನಡೆಯುವ ಡಯಾಫ್ರಮ್ ಕಂಟ್ರೋಲ್ ವಾಲ್ವ್ ಬಗ್ಗೆ ಒಂದೇ ಒಂದು ಪ್ಯಾರಾ ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ಕಟ್ಟು ಬಂದು ಬಿದ್ದಿದೆ. ಬರೆದವರಲ್ಲಿ ಅನೇಕರು ದಿನಾ ಈ ವಾಲ್ವ್‌ಗಳ ಪಕ್ಕದಲ್ಲೇ ಓಡಾಡುವವರು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇದೊಂದನ್ನೇ ಎತ್ತಿಕೊಂಡಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ. ಕೆಲವರು ತಮ್ಮ ಮೇಲಿನವರ ಬಗ್ಗೆ ಬರೆದ ಮಾತು ನೋಡಿದರೆ ಹಾಕದಿರುವುದೇ ಒಳ್ಳೆಯದು.

ಪ್ರಶ್ನೆ: ತೆಳ್ಳಗಿನ ರಬ್ಬರ್ ಹಾಳೆಯೊಂದು ಗಾಳಿಗೆ ಉಬ್ಬಿ ಅಷ್ಟು ಒತ್ತಡದ ಪೈಪಿನ ಹರಿವನ್ನು ತಡೆಯುತ್ತದೆ ಅಂದರೆ ನಂಬಲಾಗುತ್ತಿಲ್ಲ. ಹೇಗೆ ಸಾಧ್ಯ?
*(ಡಿಪ್ಲೊಮಾ ವಿದ್ಯಾರ್ಥಿನಿ)*

ಹರಿವನ್ನು ತಡೆಯುವುದು ರಬ್ಬರ್ ಅಲ್ಲಮ್ಮ. ರಬ್ಬರ್ ಇರುವುದು ಮೇಲೆ, ಚಪ್ಪಟೆಯಾದ ದುಂಡನೆಯ ಡಬ್ಬಿಯೊಳಗೆ. ಅದಕ್ಕೆ ಪೈಪಿನ ದ್ರವ ತಾಗುವುದೇ ಇಲ್ಲ. ನೈಲಾನ್ ಬಟ್ಟೆ ಸೇರಿಸಿ ಮಾಡಿದ ನೈಟ್ರೈಲ್ ರಬ್ಬರಿನ ಆ ಹಾಳೆಗೇ ಡಯಾಫ್ರಮ್ ಅನ್ನುವುದು. ಅದರ ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ಸ್ಪ್ರಿಂಗ್. ನಡುವೆ ಕಬ್ಬಿಣದ ತಟ್ಟೆ, ತಟ್ಟೆಗೆ ಕೂಡಿಸಿದ ಸ್ಟೆಮ್ ಎಂಬ ಸರಳು, ಸ್ಟೆಮ್‌ನ ತುದಿಯಲ್ಲಿ ಪ್ಲಗ್ ಎಂಬ ಬಿರಡೆ. ಪ್ಲಗ್ ಮಾತ್ರ ಪೈಪಿನೊಳಗಿನ ದ್ರವದಲ್ಲಿ ಮುಳುಗಿರುತ್ತದೆ. ಅದು ಸೀಟಿಗೆ, ಅಂದರೆ ದ್ರವ ದಾಟುವ ತೂತಿನ ಅಂಚಿಗೆ, ಹತ್ತಿರ ಬಂದರೆ ಸಂದು ಕಿರಿದಾಗುತ್ತದೆ, ದೂರ ಸರಿದರೆ ಅಗಲವಾಗುತ್ತದೆ. ಕೆಲಸ ಇಷ್ಟೇ.

ಇನ್ನು ಬಲದ ಮಾತು. ಅಲ್ಲಿ ಲೆಕ್ಕ ಹಾಕಿದರೆ ನಂಬಿಕೆ ತಾನಾಗಿ ಬರುತ್ತದೆ. 1 ಬಾರ್ ಅಂದರೆ ಒಂದು ಚದರ ಸೆಂಟಿಮೀಟರಿಗೆ 10 ನ್ಯೂಟನ್. ಡಯಾಫ್ರಮ್‌ನ ವಿಸ್ತೀರ್ಣ 400 ಚದರ ಸೆಂ.ಮೀ. ಅಂದುಕೊ, ಊಟದ ತಟ್ಟೆಗಿಂತ ತೀರ ದೊಡ್ಡದೇನಲ್ಲ. ಇದಕ್ಕೆ ಬರುವ ಗಾಳಿಯ ಸಂಕೇತ ಸಾಮಾನ್ಯವಾಗಿ 0.2ರಿಂದ 1.0 ಬಾರ್, ಹಳಬರ ಲೆಕ್ಕದಲ್ಲಿ 3ರಿಂದ 15 ಪಿಎಸ್‌ಐ. 0.2 ಬಾರ್ ಇದ್ದಾಗ ಬಲ 800 ನ್ಯೂಟನ್. 1.0 ಬಾರ್ ಆದಾಗ 4,000 ನ್ಯೂಟನ್, ಅಂದರೆ ಸುಮಾರು 400 ಕಿಲೋ ತೂಕ ಸ್ಟೆಮ್ ಮೇಲೆ ಕೂತಂತೆ. ಸ್ಪ್ರಿಂಗನ್ನು ಮೊದಲೇ 800 ನ್ಯೂಟನ್‌ನಷ್ಟು ಅದುಮಿ ಕೂಡಿಸಿರುತ್ತಾರೆ. ಆದ್ದರಿಂದ 0.2 ಬಾರ್‌ವರೆಗೆ ಸ್ಟೆಮ್ ಅಲ್ಲಾಡುವುದಿಲ್ಲ. ಅಲ್ಲಿಂದ ಮುಂದೆ ಗಾಳಿ ಏರಿದಷ್ಟೂ ಸ್ಪ್ರಿಂಗ್ ಕುಗ್ಗುತ್ತಾ ಹೋಗಿ, ಎರಡೂ ಬಲ ಸಮವಾದ ಜಾಗದಲ್ಲಿ ಸ್ಟೆಮ್ ನಿಲ್ಲುತ್ತದೆ. 20 ಮಿ.ಮೀ. ಓಡಾಟದ ವಾಲ್ವಾದರೆ 0.6 ಬಾರ್‌ಗೆ ಸರಿಯಾಗಿ 10 ಮಿ.ಮೀ.

ಇಲ್ಲಿಗೆ ಪುಸ್ತಕದ ಪಾಠ ಮುಗಿಯಿತು. ಪೈಪಿನ ಒತ್ತಡ ಸುಮ್ಮನಿರುವುದಿಲ್ಲವಲ್ಲ, ಅದೂ ಮಧ್ಯೆ ಕೈಹಾಕುತ್ತದೆ. ಸೀಟಿನ ವ್ಯಾಸ 50 ಮಿ.ಮೀ. ಇದ್ದರೆ ವಿಸ್ತೀರ್ಣ ಸುಮಾರು 19.6 ಚದರ ಸೆಂ.ಮೀ. ಮುಚ್ಚಿದ ವಾಲ್ವಿನ ಎರಡು ಬದಿಯ ಒತ್ತಡದ ವ್ಯತ್ಯಾಸ 10 ಬಾರ್ ಆದರೆ ಪ್ಲಗ್ಗನ್ನು ಕೆಳಗಿನಿಂದ ಮೇಲಕ್ಕೆ ನೂಕುವ ಬಲ 1,960 ನ್ಯೂಟನ್ ಆಯಿತು. ಗಾಳಿ ಇಲ್ಲದಾಗ ಮುಚ್ಚಿರಬೇಕಾದ ವಾಲ್ವಿನ ಸ್ಪ್ರಿಂಗಿಗೆ ಇರುವುದು 800 ನ್ಯೂಟನ್ ಮಾತ್ರ. ಪ್ಲಗ್ ಎದ್ದೇ ಏಳುತ್ತದೆ, ಸೋರುತ್ತದೆ. ಅದಕ್ಕೇ ಇಂಥ ಕಡೆ ಗಟ್ಟಿ ಸ್ಪ್ರಿಂಗ್ ಹಾಕಿ 0.8ರಿಂದ 2.4 ಬಾರ್ ಎಂದು ನಾಮಫಲಕದ ಮೇಲೆ ಕೆತ್ತಿರುತ್ತಾರೆ. ಆಗ ಮುಚ್ಚಿ ಹಿಡಿಯುವ ಬಲ 3,200 ನ್ಯೂಟನ್. ಆದರೆ 0.2ರಿಂದ 1.0 ಬಾರ್ ಸಂಕೇತಕ್ಕೆ ಇದು ಜಗ್ಗುವುದಿಲ್ಲ. ನಡುವೆ, ಸಂಕೇತ ನೋಡಿ ಡಬ್ಬಿಗೆ ಬೇಕಾದಷ್ಟು ಗಾಳಿ ತುಂಬುವ ಪೊಸಿಷನರ್ ಬೇಕು, ಅದಕ್ಕೆ 3 ಬಾರ್‌ನಷ್ಟು ಗಾಳಿಯ ಪೂರೈಕೆ ಬೇಕು. ನಾಮಫಲಕ ಓದುವ ಅಭ್ಯಾಸ ಈಗಿನಿಂದಲೇ ಮಾಡಿಕೊ. ಮುಕ್ಕಾಲು ಪಾಲು ಉತ್ತರ ಅಲ್ಲೇ ಇರುತ್ತದೆ, ಮೇಲೆ ಬಣ್ಣ ಬಳಿದಿರದಿದ್ದರೆ.

ಪ್ರಶ್ನೆ: ಪರದೆಯ ಮೇಲೆ ವಾಲ್ವ್ 50 ಶೇಕಡಾ ಅಂತಿದೆ. ಹರಿವು ನೋಡಿದರೆ 50 ಶೇಕಡಾ ಇಲ್ಲ. ಕ್ಯಾಲಿಬ್ರೇಶನ್ ಮಾಡಿಸಿ ಎಂದು ವಾರಕ್ಕೊಮ್ಮೆ ಬರೆದುಕೊಡುತ್ತೇನೆ, ಇನ್‌ಸ್ಟ್ರುಮೆಂಟ್‌ನವರು ಬಂದು 'ಸರಿ ಇದೆ' ಅಂತ ಸಹಿ ಹಾಕಿ ಹೋಗುತ್ತಾರೆ. ಯಾರದು ಸುಳ್ಳು?
*(ಕಂಟ್ರೋಲ್ ರೂಮ್ ಆಪರೇಟರ್)*

ಯಾರೂ ಸುಳ್ಳು ಹೇಳುತ್ತಿಲ್ಲ. ಪರದೆ ಹೇಳುವುದು ವಾಲ್ವಿಗೆ ಹೋದ ಆದೇಶ. ಇನ್‌ಸ್ಟ್ರುಮೆಂಟ್‌ನವರು ನೋಡುವುದು ಸ್ಟೆಮ್‌ನ ಓಡಾಟ. ನಿಮಗೆ ಬೇಕಿರುವುದು ಹರಿವು. ಈ ಮೂರೂ ಬೇರೆ ಬೇರೆ.

ವಾಲ್ವಿನ ಸಾಮರ್ಥ್ಯವನ್ನು ಕೆವಿ ಎಂಬ ಅಂಕಿಯಿಂದ ಅಳೆಯುತ್ತಾರೆ. 1 ಬಾರ್ ಒತ್ತಡ ಕಳೆದುಕೊಂಡು ಗಂಟೆಗೆ ಎಷ್ಟು ಘನ ಮೀಟರ್ ನೀರು ದಾಟುತ್ತದೆ ಎನ್ನುವುದೇ ಕೆವಿ. ಒತ್ತಡದ ವ್ಯತ್ಯಾಸ 4 ಬಾರ್ ಆದರೆ ಹರಿವು ನಾಲ್ಕರಷ್ಟಲ್ಲ, ಎರಡರಷ್ಟು, ವರ್ಗಮೂಲದ ಲೆಕ್ಕ. ಕ್ಯಾಟಲಾಗಿನಲ್ಲಿ ಅದನ್ನೇ ಅಮೆರಿಕದ ಅಳತೆಯಲ್ಲಿ ಸಿವಿ ಅಂತ ಕೊಟ್ಟಿದ್ದರೆ 0.865ರಿಂದ ಗುಣಿಸಿ ಕೆವಿ ಮಾಡಿಕೊಳ್ಳಿ.

ಈಗ ನಿಮ್ಮ ಲೈನ್. ಪಂಪಿನಿಂದ 4 ಬಾರ್ ಸಿಗುತ್ತದೆ, ಪೂರ್ತಿ ಹರಿವು ಗಂಟೆಗೆ 40 ಘನ ಮೀಟರ್ ಎಂದಿಟ್ಟುಕೊಳ್ಳಿ. ಆ ಹರಿವಿನಲ್ಲಿ ಪೈಪು, ಎಲ್ಬೋ, ಎಕ್ಸ್‌ಚೇಂಜರ್ ಎಲ್ಲ ಸೇರಿ 3 ಬಾರ್ ತಿಂದು, ವಾಲ್ವಿಗೆ 1 ಬಾರ್ ಉಳಿಸುತ್ತವೆ. ಬೇಕಾದ ಕೆವಿ 40. ಹರಿವನ್ನು ಅರ್ಧಕ್ಕೆ ಇಳಿಸಿ ನೋಡಿ. ಪೈಪು ತಿನ್ನುವುದು ಕಾಲು ಭಾಗಕ್ಕೆ ಇಳಿದು 0.75 ಬಾರ್ ಆಗುತ್ತದೆ. ಉಳಿದ 3.25 ಬಾರ್ ಅಷ್ಟೂ ವಾಲ್ವಿನ ಪಾಲಿಗೆ. 20 ಘನ ಮೀಟರಿಗೆ ಆಗ ಕೆವಿ 11 ಸಾಕು. ಅಂದರೆ ಹರಿವು ಅರ್ಧ ಆಗಬೇಕಾದರೆ ವಾಲ್ವಿನ ಸಂದು ಕಾಲು ಭಾಗದ ಆಸುಪಾಸಿಗೆ ಬರಬೇಕು.

ಪೂರ್ತಿ ತೆರೆದಾಗ ಕೆವಿ 50 ಇರುವ, ಓಡಾಟಕ್ಕೆ ತಕ್ಕ ಹಾಗೆ ನೇರವಾಗಿ ಏರುವ ಲೀನಿಯರ್ ಪ್ಲಗ್ ಇಲ್ಲಿ ಹಾಕಿದರೆ, 10 ಘನ ಮೀಟರಿಗೆ ವಾಲ್ವ್ 10 ಶೇಕಡಾದಲ್ಲಿ, 20ಕ್ಕೆ 22 ಶೇಕಡಾದಲ್ಲಿ, 40ಕ್ಕೆ 80 ಶೇಕಡಾದಲ್ಲಿ ನಿಲ್ಲುತ್ತದೆ. ಕೆಳಗೆ ಒಂದು ಶೇಕಡಾ ಅಲ್ಲಾಡಿಸಿದರೂ ಹರಿವು ಎಗರುತ್ತದೆ, ಮೇಲೆ ಹೋದಂತೆ ಎಷ್ಟು ತೆರೆದರೂ ಮಿಸುಕುವುದಿಲ್ಲ. ಇದನ್ನು ಸರಿದೂಗಿಸಲು ಈಕ್ವಲ್ ಪರ್ಸೆಂಟೇಜ್ ಪ್ಲಗ್ ಇದೆ. ಅದರ ಮೈಯನ್ನು ಕಡೆದಿರುವ ರೀತಿಯೇ ಬೇರೆ: ಪ್ರತಿ ಹೆಜ್ಜೆಗೂ ಈಗಿರುವ ಸಾಮರ್ಥ್ಯದ ಇಂತಿಷ್ಟು ಶೇಕಡಾ ಏರುತ್ತದೆ. 50ಕ್ಕೆ 1 ಅನುಪಾತದ ಪ್ಲಗ್ ಅರ್ಧ ಓಡಾಟದಲ್ಲಿ ತನ್ನ ಸಾಮರ್ಥ್ಯದ 14 ಶೇಕಡಾ ಮಾತ್ರ ಕೊಡುತ್ತದೆ. ಕೇಳಲು ವಿಚಿತ್ರ. ಆದರೆ ಮೇಲಿನದೇ ಲೈನಿನಲ್ಲಿ ಅದು 10 ಘನ ಮೀಟರಿಗೆ 42, 20ಕ್ಕೆ 62, 40ಕ್ಕೆ 94 ಶೇಕಡಾದಲ್ಲಿ ನಿಲ್ಲುತ್ತದೆ. ಹಿಡಿತಕ್ಕೆ ಸಿಗುವುದು ಇದೇ.

ಆದ್ದರಿಂದ ಇನ್‌ಸ್ಟ್ರುಮೆಂಟ್‌ನವರನ್ನು ಬಿಡಿ. ನಿಮ್ಮ ವಾಲ್ವ್ ಮಾಮೂಲಿ ಹರಿವಿನಲ್ಲಿ ಎಲ್ಲಿ ನಿಂತಿರುತ್ತದೆ ಎಂದು ನೋಡಿ. 40ರಿಂದ 80ರ ನಡುವೆ ಇದ್ದರೆ ಚಿಂತೆ ಬೇಡ. ಸದಾ 8, 10 ಶೇಕಡಾದಲ್ಲೇ ತೂಗಾಡುತ್ತಿದ್ದರೆ ಯಾರೋ 'ಇರಲಿ, ಮುಂದೆ ಬೇಕಾಗುತ್ತೆ' ಎಂದು ದೊಡ್ಡ ವಾಲ್ವ್ ತಂದು ಕೂಡಿಸಿದ್ದಾರೆ. ಸೀಟಿನ ಬಳಿ ಹಾಗೆ ಹೆಚ್ಚು ದಿನ ನಿಂತ ಪ್ಲಗ್ ಸವೆಯುತ್ತದೆ, ಹಿಡಿತವೂ ತಪ್ಪುತ್ತದೆ. ಬಾಡಿ ಬದಲಿಸಬೇಕಿಲ್ಲ, ಅದೇ ಬಾಡಿಗೆ ಸಣ್ಣ ಟ್ರಿಮ್ (ಪ್ಲಗ್ಗು, ಸೀಟಿನ ಜೋಡಿ) ಸಿಗುತ್ತದಾ ಕೇಳಿ.

ಪ್ರಶ್ನೆ: ಫೇಲ್ ಓಪನ್, ಫೇಲ್ ಕ್ಲೋಸ್ ಎರಡರಲ್ಲಿ ಸುರಕ್ಷಿತ ಯಾವುದು?
*(ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್)*

ಯಾವುದಕ್ಕೆ ಎಂದು ಹೇಳದೆ ಉತ್ತರ ಇಲ್ಲ. ಫರ್ನೇಸಿಗೆ ಹೋಗುವ ಇಂಧನದ ವಾಲ್ವ್ ಗಾಳಿ ನಿಂತರೆ ಮುಚ್ಚಬೇಕು. ಬಿಸಿ ಏರುವ ರಿಯಾಕ್ಟರಿನ ಜಾಕೆಟ್ಟಿಗೆ ಹೋಗುವ ತಂಪು ನೀರಿನದು ತೆರೆಯಬೇಕು. ಗಾಳಿ ಹೋದಾಗ ಸ್ಪ್ರಿಂಗ್ ಗೆಲ್ಲುತ್ತದೆ. ಅದು ಯಾವ ಕಡೆ ತಳ್ಳುತ್ತದೋ ಅದೇ ಕೊನೆ. ಡಯಾಫ್ರಮ್ ಹರಿದರೂ ಪರಿಣಾಮ ಅದೇ. ಈ ವ್ಯವಸ್ಥೆಯ ದೊಡ್ಡ ಗುಣ ಇದು ಅಂತ ನನ್ನ ಅಭಿಪ್ರಾಯ: ಕೆಟ್ಟರೂ ಎತ್ತ ಕೆಡುತ್ತದೆಂದು ಮೊದಲೇ ಗೊತ್ತು. ಸ್ಪ್ರಿಂಗ್ ಇಲ್ಲದೆ ಎರಡೂ ಬದಿ ಗಾಳಿಯಿಂದಲೇ ನಡೆಯುವ ಪಿಸ್ಟನ್ ಆಕ್ಚುಯೇಟರಿಗೆ (ಸ್ಟೆಮ್ ನಡೆಸುವ ಭಾಗಕ್ಕೆ ಆಕ್ಚುಯೇಟರ್ ಅನ್ನುತ್ತಾರೆ) ಈ ಗುಣ ಇಲ್ಲ, ಪಕ್ಕದಲ್ಲಿ ಗಾಳಿಯ ಟ್ಯಾಂಕ್ ಇಟ್ಟು ಅದನ್ನು ಕೊಡಬೇಕು.

ನೀವು ಕೇಳದಿದ್ದರೂ ಎರಡು ಮಾತು. ಮೊದಲನೆಯದು, ಕೆಲವು ವಾಲ್ವ್‌ಗಳ ನೆತ್ತಿಯ ಮೇಲೋ ಪಕ್ಕದಲ್ಲೋ ಹ್ಯಾಂಡ್‌ವೀಲ್ ಇರುತ್ತದೆ. ರಾತ್ರಿ ಪಾಳಿಯಲ್ಲಿ ಯಾರೋ ಅದನ್ನು ತಿರುಗಿಸಿ ವಾಲ್ವನ್ನು ಒಂದಿಷ್ಟು ತೆರೆದು ಹಿಡಿದು, ಬೆಳಿಗ್ಗೆ ಹಾಗೇ ಬಿಟ್ಟು ಮನೆಗೆ ಹೋಗುತ್ತಾರೆ. ಅಲ್ಲಿಂದ ಮುಂದೆ ಆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ನಕ್ಷೆಯಲ್ಲಿ ಮಾತ್ರ ಫೇಲ್ ಕ್ಲೋಸ್. ಪಾಳಿ ವಹಿಸಿಕೊಳ್ಳುವಾಗ ಹ್ಯಾಂಡ್‌ವೀಲ್ ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿ; ಪಕ್ಕದ ಬದಲಿ ದಾರಿಯ ಬೈಪಾಸ್ ವಾಲ್ವನ್ನೂ ನೋಡಿ. ಎರಡನೆಯದು, ಕಂಟ್ರೋಲ್ ವಾಲ್ವ್ ಮುಚ್ಚಿತು ಅಂದರೆ ಹನಿಯೂ ದಾಟುವುದಿಲ್ಲ ಅಂತಲ್ಲ. ಲೋಹಕ್ಕೆ ಲೋಹ ಕೂರುವ ಸಾಮಾನ್ಯ ಕ್ಲಾಸ್ 4 (ಇದು ಸೋರಿಕೆಯ ದರ್ಜೆ) ವಾಲ್ವಿಗೆ ಪೂರ್ತಿ ಸಾಮರ್ಥ್ಯದ 0.01 ಶೇಕಡಾ ಸೋರಿಕೆ ನಿಯಮದಲ್ಲೇ ಒಪ್ಪಿದ್ದು. ಇಂಧನವನ್ನು ನಿಜಕ್ಕೂ ಕಡಿಯಬೇಕಿದ್ದರೆ ಅದಕ್ಕೆಂದೇ ಬೇರೆ ಶಟಾಫ್ ವಾಲ್ವ್ ಬೇಕು. ಒಂದೇ ವಾಲ್ವಿನ ಕೈಯಲ್ಲಿ ಎರಡೂ ಕೆಲಸ ಮಾಡಿಸಿ ದುಡ್ಡು ಉಳಿಸುವವರ ಮಾತು ಕೇಳಬೇಡಿ.

ಪ್ರಶ್ನೆ: ನಮ್ಮ ಒಂದು ಫ್ಲೋ ಲೂಪ್ ಹಗಲೂ ರಾತ್ರಿ ತೂಗಾಡುತ್ತದೆ. ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ, ಒಂದು ಕಡೆ ನಿಲ್ಲುವುದೇ ಇಲ್ಲ. ಟ್ಯೂನಿಂಗ್ ಮಾಡಿ ಮಾಡಿ ಸಾಕಾಗಿದೆ. ಗೇನ್ ಇಳಿಸಿದರೆ ನಿಧಾನವಾಗಿ ತೂಗಾಡುತ್ತದೆ, ಅಷ್ಟೇ ವ್ಯತ್ಯಾಸ.
*(ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್)*

ಬೇರೆ ಓದುಗರಿಗಾಗಿ: ಫ್ಲೋ ಲೂಪ್ ಅಂದರೆ ಹರಿವನ್ನು ಅಳೆದು, ಗುರಿಗೆ ಹೋಲಿಸಿ, ವಾಲ್ವನ್ನು ಆಡಿಸುವ ಸುತ್ತು; ಗೇನ್ ಅಂದರೆ ತಪ್ಪಿಗೆ ಕಂಟ್ರೋಲರ್ ಎಷ್ಟು ಜೋರಾಗಿ ಸ್ಪಂದಿಸಬೇಕೆಂಬ ಅಂಕಿ. ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ರೋಗ ಹೇಳಿದ್ದೀರಿ. ಟ್ಯೂನಿಂಗ್ ತಪ್ಪಿದ್ದರೆ ಗೇನ್ ಇಳಿಸಿದಾಗ ತೂಗಾಟ ಸಾಯಬೇಕಿತ್ತು. ಸಾಯದೆ ನಿಧಾನ ಮಾತ್ರ ಆಗುತ್ತಿದೆ ಅಂದರೆ ಕಂಪ್ಯೂಟರಿನ ಮುಂದಿಂದ ಎದ್ದು ವಾಲ್ವಿನ ಬಳಿ ಹೋಗಿ.

ಹೋಗುವ ಮುಂಚೆ ಒಂದೇ ಒಂದು ಕೆಲಸ. ಆಪರೇಟರನ್ನು ಕೇಳಿಕೊಂಡು ಲೂಪನ್ನು ಮ್ಯಾನುಯಲ್‌ಗೆ ಹಾಕಿಸಿ. ಔಟ್‌ಪುಟ್ ಅಲ್ಲಾಡದೆ ನಿಂತ ಮೇಲೂ ಹರಿವು ತೂಗಾಡುತ್ತಿದ್ದರೆ ಕಾಟ ಹೊರಗಿನದು, ಪಂಪೋ ಮೇಲಿನ ಇನ್ನೊಂದು ಲೂಪೋ. ತೂಗಾಟ ನಿಂತುಹೋದರೆ ಈ ಲೂಪಿನೊಳಗೇ ಇದೆ. ಆಮೇಲೆ ಹಳೆಯ ಟ್ರೆಂಡ್ ತೆಗೆದು ನೋಡಿ. ಫ್ಲೋ ಲೂಪಿನಲ್ಲಿ ಕಂಟ್ರೋಲರಿನ ಔಟ್‌ಪುಟ್ ತ್ರಿಕೋನದ ಹಾಗೆ ಏರಿಳಿಯುತ್ತಾ, ಹರಿವು ಮಾತ್ರ ಮೆಟ್ಟಿಲಿನಂತೆ ಥಟ್ಟನೆ ಒಂದು ಮಟ್ಟದಿಂದ ಇನ್ನೊಂದಕ್ಕೆ ನೆಗೆಯುತ್ತಿದ್ದರೆ, ಸ್ಟೆಮ್ ಅಂಟಿಕೊಳ್ಳುತ್ತಿದೆ. ಬೇರೆ ಸಾಕ್ಷಿ ಬೇಡ.

ಭಾರದ ಬೀರು ಸರಿಸಿದವರಿಗೆ ಇದು ಗೊತ್ತಿರುತ್ತದೆ. ತಳ್ಳುತ್ತೀರಿ, ಅಲ್ಲಾಡುವುದಿಲ್ಲ, ಇನ್ನಷ್ಟು ತಳ್ಳುತ್ತೀರಿ, ಒಮ್ಮೆಲೇ ಬೇಕಿದ್ದಕ್ಕಿಂತ ನಾಲ್ಕು ಬೆರಳು ಮುಂದೆ ಜಾರುತ್ತದೆ. ನಿಂತಾಗಿನ ಘರ್ಷಣೆ ಚಲಿಸುವಾಗಿನ ಘರ್ಷಣೆಗಿಂತ ಹೆಚ್ಚು. ಕಂಟ್ರೋಲರಿನ ಇಂಟಿಗ್ರಲ್ ಭಾಗ ತಪ್ಪು ಉಳಿದಿರುವಷ್ಟು ಹೊತ್ತೂ ತಳ್ಳುತ್ತಲೇ ಇರುತ್ತದೆ. ಸ್ಟೆಮ್ ಜಾರಿ ಗುರಿ ದಾಟುತ್ತದೆ. ಈಗ ವಾಪಸು ಎಳೆಯಬೇಕು, ಮತ್ತೆ ಅಂಟು, ಮತ್ತೆ ಜಾರು. ಹೀಗೆ ಹಗಲೂ ರಾತ್ರಿ.

ಎಷ್ಟು ಘರ್ಷಣೆ ಸಾಕು ಗೊತ್ತೇ? ಮೇಲೆ ಹೇಳಿದ 400 ಚದರ ಸೆಂ.ಮೀ. ಡಯಾಫ್ರಮ್ಮನ್ನೇ ತೆಗೆದುಕೊಳ್ಳಿ. ಸ್ಟೆಮ್ ಸುತ್ತ ಸೋರದಂತೆ ಬಿಗಿದಿರುವ ಗ್ಲ್ಯಾಂಡ್ ಪ್ಯಾಕಿಂಗಿನಲ್ಲಿ 400 ನ್ಯೂಟನ್ ಘರ್ಷಣೆ ಇದ್ದರೆ ಅದನ್ನು ಮೀರಲು 0.1 ಬಾರ್ ಬೇಕು. ದಿಕ್ಕು ಬದಲಿಸುವಾಗ ಆ ಕಡೆಯ 0.1 ಬಿಡಿಸಿಕೊಂಡು ಈ ಕಡೆಯ 0.1 ಏರಬೇಕು, ಒಟ್ಟು 0.2 ಬಾರ್. ನಮ್ಮ ಸಂಕೇತದ ಪೂರ್ತಿ ಹರವು 0.8 ಬಾರ್. ಅಂದರೆ ಪೊಸಿಷನರ್ ಇಲ್ಲದ ವಾಲ್ವಿನಲ್ಲಿ ಕಾಲು ಭಾಗ ಸಂಕೇತ ಸುಮ್ಮನೆ ಹೋಯಿತು, ಸ್ಟೆಮ್‌ಗೆ ಸುದ್ದಿಯೇ ಮುಟ್ಟಲಿಲ್ಲ! ಪೊಸಿಷನರ್ ಇದ್ದರೆ ಅದು ಸ್ಟೆಮ್ ಎಲ್ಲಿದೆ ಎಂದು ಸನ್ನೆಕೋಲಿನಿಂದ ತಾನೇ ನೋಡಿಕೊಂಡು, ಬಂದಿಲ್ಲವೆಂದರೆ ಇನ್ನಷ್ಟು ಗಾಳಿ ತುಂಬುತ್ತದೆ. ಬಹಳ ಮಟ್ಟಿಗೆ ಇದನ್ನು ಮರೆಮಾಚುತ್ತದೆ. ಆದರೆ ಘರ್ಷಣೆ ವಿಪರೀತವಾದರೆ ಪೊಸಿಷನರೇ ತೂಗಾಡಲು ಶುರುಮಾಡುತ್ತದೆ.

ಈಗ ವಾಲ್ವಿನ ಬಳಿ ಮಾಡಬೇಕಾದ್ದು. ಸ್ಟೆಮ್ ಮೇಲೆ ಕಣ್ಣಂದಾಜಿನ ಪಾಯಿಂಟರ್ ಇದೆಯಲ್ಲ, ಅದನ್ನು ನಂಬಬೇಡಿ. ಡಯಲ್ ಗೇಜ್ ಇದ್ದರೆ, ಡಬ್ಬಿಯನ್ನು ವಾಲ್ವಿಗೆ ಕೂಡಿಸುವ ಚೌಕಟ್ಟು ಯೋಕ್‌ಗೆ ಕಟ್ಟಿ ಸ್ಟೆಮ್ ಕನೆಕ್ಟರಿಗೆ ತಾಗಿಸಿ. ಕಂಟ್ರೋಲ್ ರೂಮಿನವರಿಗೆ ರೇಡಿಯೋದಲ್ಲಿ ಹೇಳಿ ಔಟ್‌ಪುಟ್ಟನ್ನು ಅರ್ಧರ್ಧ ಶೇಕಡಾ ಏರಿಸಲು ಹೇಳಿ. ಪ್ರತಿ ಸಲವೂ ಮುಳ್ಳು ಸರಿಯಬೇಕು. 20 ಮಿ.ಮೀ. ಓಡಾಟದಲ್ಲಿ ಅರ್ಧ ಶೇಕಡಾ ಅಂದರೆ 0.1 ಮಿ.ಮೀ., ಗೇಜಿನಲ್ಲಿ ಚೆನ್ನಾಗಿ ಕಾಣುತ್ತದೆ. ನಾಲ್ಕು ಹೆಜ್ಜೆ ಏರಿಸಿದಾಗಲೂ ಮುಳ್ಳು ನಿಂತೇ ಇದ್ದು, ಐದನೆಯದಕ್ಕೆ ಟಕ್ ಎಂದು ಅರ್ಧ ಮಿ.ಮೀ. ನೆಗೆಯಿತೇ? ಸಿಕ್ಕಿತು. ಇಳಿಸುತ್ತಲೂ ಅದೇ ಮಾಡಿ. ಈ ಹೊತ್ತಲ್ಲಿ ಪೊಸಿಷನರಿನ ಔಟ್‌ಪುಟ್ ಗೇಜನ್ನೂ ನೋಡುತ್ತಿರಿ. ಗಾಳಿ ಏರಿ ಸ್ಟೆಮ್ ಸರಿಯದಿದ್ದರೆ ತಪ್ಪು ಕೆಳಗೆ, ಪ್ಯಾಕಿಂಗ್ ಅಥವಾ ಪ್ಲಗ್ಗಿನ ಗೈಡ್‌ನಲ್ಲಿ. ಗಾಳಿಯೇ ಏರದಿದ್ದರೆ ಪೊಸಿಷನರ್, ಟ್ಯೂಬಿಂಗ್, ಅಥವಾ ಸಡಿಲವಾದ ಫೀಡ್‌ಬ್ಯಾಕ್ ಕೊಂಡಿ. ಕೊಂಡಿಯ ಪಿನ್ ಸವೆದು ಒಂದು ಕೂದಲೆಳೆಯಷ್ಟು ಆಟ ಬಂದರೂ ಸಾಕು. ಬೆರಳಿನಿಂದ ಅಲ್ಲಾಡಿಸಿ ನೋಡಿ.

ತಪ್ಪು ಪ್ಯಾಕಿಂಗಿನದಾದರೆ ಕಥೆ ಬಹುತೇಕ ಒಂದೇ. ಗ್ಲ್ಯಾಂಡಿನಲ್ಲಿ ಒಂದು ಹನಿ ಕಂಡಿತು, ಫಿಟ್ಟರ್ ಸ್ಪ್ಯಾನರ್ ಹಾಕಿ ಬಿಗಿದ. ಹನಿ ನಿಂತಿತು. ಸ್ಟೆಮ್ಮೂ ಅಂಟಿ ನಿಂತಿತು! ನಾನು ಕೆಲಸ ಮಾಡುತ್ತಿದ್ದ ಸ್ಥಾವರವೊಂದರಲ್ಲಿ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಗ್ಲ್ಯಾಂಡ್ ಬಿಗಿಯುವವರೊಬ್ಬರಿದ್ದರು. ಅವರ ಪಾಳಿ ಮುಗಿದ ಮರುದಿನ ಯಾವ ಯಾವ ಲೂಪ್ ತೂಗಾಡುತ್ತದೆ ಎಂದು ನೋಡಿದರೆ ಅವರು ಎಲ್ಲೆಲ್ಲಿ ನಡೆದಾಡಿದ್ದರು ಅಂತ ಹೇಳಬಹುದಿತ್ತು. ಟೆಫ್ಲಾನ್ ವಿ-ರಿಂಗ್‌ಗಳಿಗೆ ಹೆಚ್ಚು ಬಿಗಿತ ಬೇಡವೇ ಬೇಡ, ಒಳಗೊಂದು ಸ್ಪ್ರಿಂಗ್ ಇದ್ದು ಅದೇ ಅದುಮಿ ಹಿಡಿಯುತ್ತದೆ. ಟೆಫ್ಲಾನ್ ತಡೆಯದಷ್ಟು, 230 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಗ್ರಾಫೈಟ್ ಹಾಕುತ್ತಾರೆ. ಗ್ರಾಫೈಟಿನ ಘರ್ಷಣೆ ಹುಟ್ಟುಗುಣ. ಅದನ್ನು ತಯಾರಕರು ಹೇಳಿದ ಟಾರ್ಕಿಗೆ ಬಿಗಿದು, ವಾಲ್ವನ್ನು ನಾಲ್ಕಾರು ಬಾರಿ ಪೂರ್ತಿ ತೆರೆದು ಮುಚ್ಚಿ, ಮತ್ತೆ ಅದೇ ಟಾರ್ಕಿಗೆ ತರಬೇಕು. ಸ್ಟೆಮ್ ಮೇಲೆ ಉದ್ದಕ್ಕೆ ಗೀರು ಬಿದ್ದಿದ್ದರೆ ಎಷ್ಟು ಬಿಗಿದರೂ ಸೋರುತ್ತದೆ, ಎಷ್ಟು ಸಡಿಲಿಸಿದರೂ ಅಂಟುತ್ತದೆ. ಸ್ಟೆಮ್ ಬದಲಿಸಿ.

ಅಲ್ಲಿಯವರೆಗೆ ತಳ್ಳಲು ಇಂಟಿಗ್ರಲ್ ಕಡಿಮೆ ಮಾಡಿ ಇಡಬಹುದು. ಆದರೆ ಲಾಗ್‌ಬುಕ್ಕಿನಲ್ಲಿ 'ಲೂಪ್ ಟ್ಯೂನ್ ಮಾಡಲಾಗಿದೆ' ಅಂತ ಬರೆಯಬೇಡಿ, 'ಸ್ಟೆಮ್ ಅಂಟುತ್ತಿದೆ' ಅಂತ ಬರೆಯಿರಿ. ಇಲ್ಲದಿದ್ದರೆ ಶಟ್‌ಡೌನ್ ಪಟ್ಟಿಯಲ್ಲಿ ಆ ವಾಲ್ವಿನ ಹೆಸರು ಬರುವುದಿಲ್ಲ.

ಪ್ರಶ್ನೆ: ವಾಲ್ವಿನೊಳಗೆ ಜಲ್ಲಿಕಲ್ಲು ಹರಿದಂಥ ಸದ್ದು. ಬಿಚ್ಚಿ ನೋಡಿದರೆ ಕಲ್ಲಿಲ್ಲ, ಪ್ಲಗ್ ಮಾತ್ರ ತೂತು ತೂತು. ಶುದ್ಧ ನೀರಿನ ಲೈನ್, 9 ಬಾರ್ ಗೇಜಿನಿಂದ ನೇರ ತೆರೆದ ಟ್ಯಾಂಕಿಗೆ.
*(ಮೆಕ್ಯಾನಿಕಲ್ ನಿರ್ವಹಣೆಯವರು)*

ಕ್ಯಾವಿಟೇಶನ್. ಸೀಟಿನ ಕಿರಿದಾದ ಸಂದಿನಲ್ಲಿ ನೀರಿನ ವೇಗ ಏರಿ ಒತ್ತಡ ಕುಸಿಯುತ್ತದೆ. ಅದು ಆವಿಯ ಒತ್ತಡಕ್ಕಿಂತ ಕೆಳಗಿಳಿದರೆ (20 ಡಿಗ್ರಿ ನೀರಿಗೆ 0.023 ಬಾರ್) ತಣ್ಣೀರೇ ಕುದಿದು ಗುಳ್ಳೆ ಏಳುತ್ತದೆ. ಸಂದು ದಾಟಿದ ಮೇಲೆ ಒತ್ತಡ ಮತ್ತೆ ಏರಿ ಗುಳ್ಳೆಗಳು ಒಡೆಯುತ್ತವೆ. ಪ್ಲಗ್ಗಿನ ಮೈಮೇಲೇ ಒಡೆದರೆ ಒಂದೊಂದೂ ಲೋಹದ ಚೂರು ಕೀಳುತ್ತದೆ.

ನಿಮ್ಮ ಲೆಕ್ಕ: ಒಳಬರುವುದು ಪೂರ್ಣ ಒತ್ತಡದ ಲೆಕ್ಕದಲ್ಲಿ 10 ಬಾರ್, ಹೊರಗೆ 1. ಗ್ಲೋಬ್ ವಾಲ್ವಿನ ಒತ್ತಡ ಚೇತರಿಕೆಯ ಅಂಕಿ, ಎಫ್‌ಎಲ್, ಸುಮಾರು 0.9. ಅದರ ವರ್ಗ 0.81. ಅಂದರೆ 8.1 ಬಾರ್ ವ್ಯತ್ಯಾಸಕ್ಕೇ ಹರಿವು ಕಟ್ಟಿಕೊಳ್ಳುತ್ತದೆ, ಆಮೇಲೆ ಎಷ್ಟು ಎಳೆದರೂ ಹೆಚ್ಚು ನೀರು ಬರುವುದಿಲ್ಲ. ನಿಮ್ಮದು 9 ಬಾರ್. ಗುಳ್ಳೆ ಒಡೆದು ಲೋಹ ತಿನ್ನುವುದು ಅದಕ್ಕೂ ಬಹಳ ಮೊದಲೇ ಶುರುವಾಗಿರುತ್ತದೆ. ಅಗ್ಗವೆಂದು ಬಟರ್‌ಫ್ಲೈ ಹಾಕಲು ಯೋಚಿಸುತ್ತಿದ್ದೀರಿ ಎಂದು ಬರೆದಿದ್ದೀರಲ್ಲ, ದಯವಿಟ್ಟು ಬೇಡ. ಅದರ ಎಫ್‌ಎಲ್ 0.6ರ ಸುಮಾರಿಗೆ ಬರುತ್ತದೆ, 3.6 ಬಾರ್‌ಗೇ ಕೈಚೆಲ್ಲುತ್ತದೆ.

ಸ್ಟೆಲೈಟ್ ಎಂಬ ಗಟ್ಟಿ ಮಿಶ್ರಲೋಹ ಹಚ್ಚಿದ ಪ್ಲಗ್ ನಿಧಾನವಾಗಿ ಸವೆಯುತ್ತದೆ, ಸವೆಯದೇ ಇರುವುದಿಲ್ಲ. ಸರಿಯಾದ ದಾರಿ ಒತ್ತಡವನ್ನು ಒಂದೇ ಏಟಿಗೆ ಇಳಿಸದಿರುವುದು: ಹಲವು ಹಂತದ ಟ್ರಿಮ್, ಅಥವಾ ವಾಲ್ವ್ ದಾಟಿದ ಮೇಲೆ ಲೆಕ್ಕ ಹಾಕಿದ ಆರಿಫೈಸ್ (ನಡುವೆ ತೂತಿರುವ) ತಟ್ಟೆ. ತಟ್ಟೆ ಅಗ್ಗ, ಆದರೆ ಹರಿವು ಇಳಿದಾಗ ಅದರ ಕೈಯಲ್ಲಿ ಏನೂ ಆಗುವುದಿಲ್ಲ. ಇನ್ನು ಬಿಚ್ಚಿದಾಗ ಪ್ಲಗ್ ತೂತಾಗಿರದೆ ಪಾಲಿಶ್ ಮಾಡಿದ ಹಾಗೆ ನುಣ್ಣಗೆ ಸವೆದಿದ್ದರೆ ಅದು ಬೇರೆ ರೋಗ, ಫ್ಲಾಶಿಂಗ್. ಹೊರಗಿನ ಒತ್ತಡವೇ ಆವಿಯ ಒತ್ತಡಕ್ಕಿಂತ ಕಡಿಮೆ ಇದ್ದಾಗ ಗುಳ್ಳೆ ಒಡೆಯುವುದೇ ಇಲ್ಲ, ಆವಿಯಾಗಿಯೇ ಮುಂದೆ ಓಡುತ್ತದೆ. ಅದನ್ನು ಯಾವ ಟ್ರಿಮ್ಮೂ ತಡೆಯಲಾರದು. ಗಟ್ಟಿ ಲೋಹ, ಆಂಗಲ್ ಬಾಡಿ, ಇಷ್ಟೇ.

ಪ್ರಶ್ನೆ: ಇನ್‌ಸ್ಟ್ರುಮೆಂಟ್ ಏರ್ ಫಿಲ್ಟರಿನ ಬಟ್ಟಲಲ್ಲಿ ದಿನಾ ಒಂದಿಷ್ಟು ನೀರು. ದಿನಾ ಬಿಟ್ಟರೆ ಸಾಕಲ್ಲವೇ?
*(ಯುಟಿಲಿಟಿ ವಿಭಾಗದ ಓದುಗರು)*

ಸಾಲದು. ಬಟ್ಟಲಲ್ಲಿ ನೀರು ಕಂಡಿತೆಂದರೆ ಗಾಳಿಯ ತೇವ ತೆಗೆಯುವ ಡ್ರೈಯರ್ ಸತ್ತಿದೆ. ಪೈಪ್‌ಲೈನ್ ಎದುರಿಸುವ ಅತಿ ಕಡಿಮೆ ಉಷ್ಣಾಂಶಕ್ಕಿಂತ ಕನಿಷ್ಠ 10 ಡಿಗ್ರಿ ಸೆಲ್ಸಿಯಸ್ ಕೆಳಗೆ ಗಾಳಿಯ ಇಬ್ಬನಿ ಬಿಂದು (ಅದರ ತೇವ ಹನಿಯಾಗತೊಡಗುವ ಉಷ್ಣಾಂಶ) ಇರಬೇಕು, ಕಣಗಳು 40 ಮೈಕ್ರಾನ್ ಮೀರಬಾರದು ಎನ್ನುತ್ತದೆ ಐಎಸ್‌ಎ (ಅಂತರರಾಷ್ಟ್ರೀಯ ಆಟೊಮೇಷನ್ ಸಂಘಟನೆ) ಮಾನದಂಡ. ಪೊಸಿಷನರಿನ ಒಳಗೆ ಗಾಳಿ ಹಾಯುವ ರಂಧ್ರ ಒಂದು ಮಿಲಿಮೀಟರಿಗಿಂತಲೂ ಸಣ್ಣದು. ನೀರು, ಕಂಪ್ರೆಸರಿನ ಎಣ್ಣೆ, ಪೈಪಿನ ತುಕ್ಕು ಮೂರೂ ಸೇರಿ ಆಗುವ ಕೆಸರು ಅಲ್ಲಿ ಕೂತರೆ ವಾಲ್ವ್ ಅರ್ಧದಲ್ಲಿ ಸತಾಯಿಸುತ್ತದೆ, ಬೈಗುಳ ಮಾತ್ರ ಇನ್‌ಸ್ಟ್ರುಮೆಂಟ್‌ನವರಿಗೆ.

ಪ್ರಶ್ನೆ: ಔಷಧ ಕಾರ್ಖಾನೆಯಲ್ಲಿ ಡಯಾಫ್ರಮ್ ವಾಲ್ವ್ ನೋಡಿದೆ. ಅದರಲ್ಲಿ ರಬ್ಬರೇ ದ್ರವವನ್ನು ಮುಚ್ಚುತ್ತದೆ. ನೀವು ಬರೆದದ್ದಕ್ಕೆ ತದ್ವಿರುದ್ಧ ಅಲ್ಲವೇ?
*(ವಿಜ್ಞಾನ ಶಿಕ್ಷಕರು)*

ಎರಡೂ ಸರಿ, ಮೇಷ್ಟ್ರೇ. ನೀವು ನೋಡಿದ್ದರಲ್ಲಿ ಬಾಡಿಯೊಳಗೆ ಒಂದು ದಿಬ್ಬ ಇರುತ್ತದೆ. ಡಯಾಫ್ರಮ್ ಅದರ ಮೇಲೆ ಒತ್ತಿ ಕೂತು ದಾರಿ ಮುಚ್ಚುತ್ತದೆ. 1928ರ ಸುಮಾರಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಗಾಳಿಯ ಸೋರಿಕೆ ತಡೆಯಲು ಪಿ. ಕೆ. ಸಾಂಡರ್ಸ್ ರೂಪಿಸಿದ್ದು ಅದು, ಇಂದಿಗೂ ಸಾಂಡರ್ಸ್ ವಾಲ್ವ್ ಎಂದೇ ಕರೆಯುತ್ತಾರೆ. ಗ್ಲ್ಯಾಂಡ್ ಇಲ್ಲ, ದ್ರವ ನಿಲ್ಲುವ ಮೂಲೆ ಇಲ್ಲ. ಆದ್ದರಿಂದ ಔಷಧ, ಆಮ್ಲ, ಕೆಸರು ದ್ರವಗಳಿಗೆ ಅದು ಹೇಳಿ ಮಾಡಿಸಿದ್ದು. ನವಿರಾದ ಹಿಡಿತಕ್ಕೆ ಅಷ್ಟು ಒಗ್ಗುವುದಿಲ್ಲ: ಓಡಾಟದ ಮೊದಲರ್ಧದಲ್ಲೇ ಬಹುಪಾಲು ಹರಿವು ಬಿಟ್ಟುಬಿಡುತ್ತದೆ. ಅದರ ನೆತ್ತಿಯ ಮೇಲೂ ಗಾಳಿಯ ಆಕ್ಚುಯೇಟರ್ ಕೂಡಿಸಬಹುದು. ಆಗ ಮೇಲೊಂದು, ಕೆಳಗೊಂದು, ಎರಡು ಡಯಾಫ್ರಮ್.

ಪ್ರಶ್ನೆ: ಎಲ್ಲವೂ ಡಿಜಿಟಲ್ ಆಗಿರುವಾಗ ಇನ್ನೂ ಗಾಳಿಯೇಕೆ? ಮೋಟರ್ ಹಾಕಬಾರದೇ?
*(ಸಾಫ್ಟ್‌ವೇರ್ ಎಂಜಿನಿಯರ್)*

ಹಾಕುತ್ತಾರೆ, ಕರೆಂಟ್ ಸುಲಭವಾಗಿ ಸಿಕ್ಕು ಗಾಳಿ ಸಿಗದ ದೂರದ ಪೈಪ್‌ಲೈನ್‌ಗಳಲ್ಲಿ. ಸ್ಥಾವರದೊಳಗೆ ಗಾಳಿ ಉಳಿದುಕೊಂಡಿರುವುದು ಹಳೆಯ ಅಭ್ಯಾಸಕ್ಕಲ್ಲ. ದಿನವಿಡೀ ಸಣ್ಣಗೆ ಮೇಲೆ ಕೆಳಗೆ ಆಡುತ್ತಲೇ ಇದ್ದರೂ ಡಯಾಫ್ರಮ್ ಬಿಸಿಯಾಗುವುದಿಲ್ಲ. ಗಾಳಿಗೆ ಕಿಡಿ ಹಾರುವುದಿಲ್ಲ, ಆವಿ ತುಂಬಿದ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಕರೆಂಟ್ ಹೋದರೆ ಮೋಟರ್ ಇದ್ದಲ್ಲೇ ನಿಲ್ಲುತ್ತದೆ, ಸ್ಪ್ರಿಂಗ್ ನಿಲ್ಲುವುದಿಲ್ಲ.

ಇನ್ನು ನಿಮ್ಮ ಡಿಜಿಟಲ್ ಪೊಸಿಷನರಿನೊಳಗೂ ಬಹಳಷ್ಟು ಕಡೆ ಫ್ಲ್ಯಾಪರ್-ನಾಝಲ್ ಅವಿತುಕೊಂಡಿದೆ. ಸಣ್ಣ ನಾಝಲಿನ ಮುಂದೆ ಒಂದು ತಗಡು ಹತ್ತಿರ ಬಂದರೆ ಹಿಂದಿನ ಗಾಳಿಯ ಒತ್ತಡ ಏರುತ್ತದೆ, ದೂರ ಹೋದರೆ ಇಳಿಯುತ್ತದೆ. ಎಡ್ಗರ್ ಬ್ರಿಸ್ಟಲ್ 1914ರಲ್ಲಿ ಕಂಡುಹಿಡಿದದ್ದು. ನಿಮ್ಮ 4ರಿಂದ 20 ಮಿಲಿ ಆಂಪಿಯರ್ ಸಂಕೇತವೂ 3ರಿಂದ 15 ಪಿಎಸ್‌ಐನ ಅದೇ ಒಂದಕ್ಕೆ ಐದರ ಅನುಪಾತ. ಸೊನ್ನೆಯಿಂದ ಶುರುಮಾಡದಿರುವುದಕ್ಕೂ ಕಾರಣ ಒಂದೇ: ಸಂಕೇತ 3 ಇದ್ದರೆ ಅದು 'ಮುಚ್ಚು' ಎಂಬ ಆದೇಶ, ಸೊನ್ನೆ ಇದ್ದರೆ ಟ್ಯೂಬ್ ಕಿತ್ತುಹೋಗಿದೆ.

ಪ್ರಶ್ನೆ: ನಮ್ಮ ಹಬೆ ಲೈನಿನ ವಾಲ್ವಿನ ಡಯಾಫ್ರಮ್ ಪದೇ ಪದೇ ಬಿರಿಯುತ್ತದೆ. ಆಕ್ಚುಯೇಟರ್ ಬಿಚ್ಚಿ ನಾನೇ ಬದಲಿಸಬಹುದೇ?
*(ಸಣ್ಣ ಘಟಕದ ಫೋರ್‌ಮನ್)*

ಬದಲಿಸಬಹುದು, ಆದರೆ ಮೊದಲು ಬಿರಿಯುವುದೇಕೆ ನೋಡಿ. ಉಷ್ಣ ಹೊರಹೋಗಬಾರದೆಂದು ಯಾರಾದರೂ ಬಾನೆಟ್ಟಿಗೂ (ವಾಲ್ವ್ ಬಾಡಿಯ ಮೇಲಿನ ಮುಚ್ಚಳ) ಯೋಕಿಗೂ ಇನ್ಸುಲೇಶನ್ ಸುತ್ತಿದ್ದಾರೆಯೇ? ಸುತ್ತಿದ್ದರೆ ಕಿತ್ತುಹಾಕಿ. ಆ ಭಾಗ ಗಾಳಿಗೆ ತೆರೆದಿರಬೇಕು, ಬಿಸಿ ಅಲ್ಲೇ ಕಳೆಯಬೇಕು. ಇಲ್ಲದಿದ್ದರೆ ಅದು ಸ್ಟೆಮ್ ಹಿಡಿದು ಮೇಲೇರಿ ರಬ್ಬರನ್ನು ಸುಡುತ್ತದೆ. ರೆಗ್ಯುಲೇಟರನ್ನೂ ನೋಡಿ, ನಾಮಫಲಕದಲ್ಲಿ ಬರೆದ ಗರಿಷ್ಠಕ್ಕಿಂತ ಹೆಚ್ಚು ಗಾಳಿ ಕೊಡುತ್ತಿರಬಹುದು.

ಬಿಚ್ಚುವುದಾದರೆ ಲೈನನ್ನು ಎರಡೂ ಬದಿ ಮುಚ್ಚಿ, ಒಳಗಿನ ಹಬೆ ಬಿಟ್ಟು, ತಣ್ಣಗಾದ ಮೇಲೆ ಗಾಳಿಯ ಟ್ಯೂಬ್ ಕಳಚಿ. ಗಾಳಿ ಇಲ್ಲ ಅಂದಮಾತ್ರಕ್ಕೆ ಡಬ್ಬಿ ಸುಮ್ಮನಿದೆ ಎಂದುಕೊಳ್ಳಬೇಡಿ. ಒಳಗೆ ಸ್ಪ್ರಿಂಗ್ ನೂರಾರು ಕಿಲೋ ಬಲದಲ್ಲಿ ಅದುಮಿಕೊಂಡು ಕೂತಿದೆ. ಅಂಚಿನ ಬೋಲ್ಟುಗಳನ್ನು ಗಮನಿಸಿದರೆ ಅನೇಕ ಆಕ್ಚುಯೇಟರುಗಳಲ್ಲಿ ಎರಡೋ ಮೂರೋ ಬೋಲ್ಟು ಉಳಿದವಕ್ಕಿಂತ ಉದ್ದ ಇರುತ್ತವೆ. ಗಿಡ್ಡವನ್ನೆಲ್ಲ ಮೊದಲು ತೆಗೆಯಿರಿ. ಆಮೇಲೆ ಉದ್ದದವನ್ನು ಸರದಿಯಲ್ಲಿ ಒಂದೊಂದು ಸುತ್ತು ಸಡಿಲಿಸುತ್ತಾ ಬನ್ನಿ, ಸ್ಪ್ರಿಂಗಿನ ಬಲ ಪೂರ್ತಿ ಇಳಿಯುವವರೆಗೆ. ಮುಖವನ್ನು ಡಬ್ಬಿಯ ಮೇಲೆ ತರಬೇಡಿ. ಉದ್ದದ ಬೋಲ್ಟ್ ಕಾಣದಿದ್ದರೆ, ಅಥವಾ ಸ್ಪ್ರಿಂಗ್ ಹೊಂದಿಸುವ ಸ್ಕ್ರೂ ಬೇರೆ ಇದ್ದರೆ, ತಯಾರಕರ ಕೈಪಿಡಿ ಸಿಗುವವರೆಗೆ ಕೈ ಹಾಕಬೇಡಿ.

ಹೊಸ ಡಯಾಫ್ರಮ್ಮಿನ ತೂತುಗಳಿಗೆ ಬೋಲ್ಟ್ ತಾನಾಗಿ ಇಳಿಯಬೇಕು, ಎಳೆದು ಕೂಡಿಸಿದರೆ ಅಲ್ಲಿಂದಲೇ ಹರಿಯುತ್ತದೆ. ಎದುರುಬದುರು ಬೋಲ್ಟುಗಳನ್ನು ಸಮನಾಗಿ ಬಿಗಿದು, ಗಾಳಿ ಕೊಟ್ಟು ಅಂಚಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬರದಿದ್ದರೆ ಹಬೆ ಬಿಡುವ ಮುಂಚೆಯೇ ಗೇಜ್ ನೋಡುತ್ತಾ ನಿಧಾನಕ್ಕೆ ಒತ್ತಡ ಏರಿಸಿ: ನಾಮಫಲಕದ ಕೆಳಗಿನ ಅಂಕಿಗೆ ಸ್ಟೆಮ್ ಕದಲಲು ಶುರುವಾಗಿ, ಮೇಲಿನ ಅಂಕಿಗೆ ಓಡಾಟ ಪೂರ್ತಿಯಾಗಬೇಕು.